ಅವ್ವ ಬಿಟ್ಟ ಪುಡಿ

ನೆಲಮಂಗಲ
31 ಆಗಸ್ಟ್ 2025

ಅತ್ತಿಗೆ,

ಗೌರಿ ಹಬ್ಬಕ್ಕೆ ನೀವು ಕಟ್ಟಿಕೊಟ್ಟ ಕಡುಬು ಬಸ್ಸು ಯಶವಂತಪುರ ದಾಟುವಷ್ಟರಲ್ಲಿ ಖಾಲಿ. ರೂಮಿನ ಹುಡುಗಿಯರಿಗೆ ಬರೀ ಡಬ್ಬಿ ತೋರಿಸಿದೆ. ಈಗ ಅವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಫೋನಿರುವಾಗ ಕಾಗದ ಯಾಕೆ ಅಂತ ನಿಮ್ಮ ಯಜಮಾನರು, ನಮ್ಮ ಬೈರೇಶಣ್ಣ, ನಕ್ಕರೆ ನಗಲಿ. ಫೋನು ಮಾಡಿದರೆ ಅವ್ವ ಪಕ್ಕದಲ್ಲೇ ಕೂತು ಸ್ಪೀಕರ್ ಹಾಕಿಸುತ್ತಾಳೆ, ಆಮೇಲೆ ಮಾತೆಲ್ಲ ಅವಳದೇ. ಅತ್ತಿಗೆ ನಾದಿನಿ ಅಂದಮೇಲೆ ನಮ್ಮಿಬ್ಬರಿಗೂ ಒಂದೆರಡು ಗುಟ್ಟಿರಬೇಡವೇ? ಅಣ್ಣನ ಟೆಂಪೋ ವಾರವಾರವೂ ನೆಲಮಂಗಲದ ಮೇಲೇ ದಾಬಸ್‌ಪೇಟೆಗೆ ಬರುತ್ತದೆ. ನೀವು ಕಳಿಸುವ ರಾಗಿ ಹಿಟ್ಟಿನ ಜೊತೆ ನಿಮ್ಮ ನಾಲ್ಕು ಸಾಲೂ ಬರಲಿ.

ಈ ಕಾಗದ ಅವ್ವನ ವಿಷಯಕ್ಕೆ. ಯುಗಾದಿಗೆ ಬಂದಾಗ ಗೋಡೆ ಹಿಡಿಯದೆ ಮೇಲೇಳಲಾಗದೆ ಒದ್ದಾಡುತ್ತಿದ್ದವಳು ಈ ಸಲ ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯುತ್ತಿದ್ದಳು! ಮುಖ ದುಂಡಗೆ ತುಂಬಿಕೊಂಡಿದೆ, ಕೆನ್ನೆ ಕೆಂಪಾಗಿದೆ. ಊರವರೆಲ್ಲ 'ಮುನಿತಾಯಮ್ಮಂಗೆ ಸೊಸೆ ಏನಾಕಿ ಸಾಕ್ತಾವ್ಳೆ' ಅಂತ ಕೇಳುತ್ತಿದ್ದರು. ಮಗಳು ಡಿ ಫಾರ್ಮಾ ಓದಿ ಮೆಡಿಕಲ್ ಸ್ಟೋರಿನಲ್ಲಿ ನಿಂತು ಏನೂ ಕಿಸಿಯಲಿಲ್ಲ, ಸೊಸೆಯಾಗಿ ನೀವು ಮಾಡಿ ತೋರಿಸಿದಿರಿ. ಏನು ಮಾಡಿದಿರಿ ಅಂತ ಬರೆಯಿರಿ.

ನಿಮ್ಮ
ರಮ್ಯ


ಸೂಲಿಬೆಲೆ ಹೋಬಳಿ
4 ಸೆಪ್ಟೆಂಬರ್ 2025

ರಮ್ಯಾ,

ಸಾಕು, ಅಟ್ಟಕ್ಕೇರಿಸಬೇಡ, ಆಮೇಲೆ ಏಣಿ ತೆಗೆಯುವವಳೂ ನೀನೇ.

ನಾನು ಮಾಡಿದ್ದೇನೂ ಇಲ್ಲ. ಪಕ್ಕದ ಮನೆ ಅಂಜಿನಮ್ಮ ಹೇಳಿದರು, ಸಂತೆಯಲ್ಲಿ ಒಬ್ಬ ಪಂಡಿತ ಕೂರುತ್ತಾನೆ, ಮಂಡಿನೋವಿಗೆ ಬೇರಿನ ಪುಡಿ ಕೊಡುತ್ತಾನೆ ಅಂತ. ತಂದುಕೊಟ್ಟೆ. ಬೆಳಿಗ್ಗೆ ಜೇನಿನಲ್ಲಿ ಒಂದು ಚಿಟಿಕೆ, ಅವರೇ ಕಲಸಿಕೊಂಡು ನೆಕ್ಕುತ್ತಾರೆ. ಎರಡು ಮೂರು ದಿನಕ್ಕೇ ಅತ್ತೆ ಯಾರನ್ನೂ ಕರೆಯದೆ ಎದ್ದು ಕೊಟ್ಟಿಗೆಗೆ ಹೋದರು. ನಾನು ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ. ಅವರು ತಿರುಗಿ ನೋಡಿ, 'ಯಾಕಮ್ಮಿ ಅಳ್ತೀಯಾ, ನಾನಿನ್ನೂ ಸತ್ತಿಲ್ಲ' ಅಂದರು.

ಸುಳ್ಳು ಯಾಕೆ ಹೇಳಲಿ, ಲಾಭ ನನಗೂ ಆಗಿದೆ. ಹಸುವನ್ನು ಅವರು ನೋಡಿಕೊಳ್ಳುವುದರಿಂದ ನಾನು ಹೊಸಕೋಟೆಯ ಗಾರ್ಮೆಂಟ್ಸಿಗೆ ಹೋಗುವಂತಾಯಿತು. ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನದು ಅಂತ ಒಂದು ಕೆಲಸ. ಬೆಳಿಗ್ಗೆ ವ್ಯಾನು ಹತ್ತುವಾಗ ಪಂಡಿತನಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಹಿಟ್ಟಿನ ಜೊತೆ ಹುರುಳಿಕಾಳು ಇಟ್ಟಿದ್ದೇನೆ. ಈ ಸಲವಾದರೂ ಹುಡುಗಿಯರಿಗೆ ಕೊಡು.

ಶಶಿರೇಖಾ


ನೆಲಮಂಗಲ
24 ಅಕ್ಟೋಬರ್ 2025

ಅತ್ತಿಗೆ,

ದೀಪಾವಳಿಗೆ ನೀವು ತವರಿಗೆ ಹೋಗಿದ್ದರಿಂದ ಮನೆ ಬಿಕೋ ಅನ್ನುತ್ತಿತ್ತು. ಅವ್ವನಿಗೆ ನಾನೇ ಎಣ್ಣೆ ಹಚ್ಚಿ ನೀರು ಹಾಕಿದೆ. ಅವಳ ಚರ್ಮ ತೀರಾ ತೆಳ್ಳಗಾಗಿದೆ. ತೋಳಿನ ಮೇಲೆಲ್ಲ ನೀಲಿ ಕಲೆ, ಹೊಟ್ಟೆಯ ಮೇಲೆ ನೇರಳೆ ಗೆರೆ. ನೀವು ನೋಡಿದ್ದಿರಾ? ನೋಡಿದ್ದರೆ ನನಗೆ ಯಾಕೆ ಬರೆಯಲಿಲ್ಲ?

ಅವಳನ್ನು ಹೆಚ್ಚು ದುಡಿಸಬೇಡಿ. ಮಿಕ್ಕದ್ದು ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ರಮ್ಯ


ಸೂಲಿಬೆಲೆ ಹೋಬಳಿ
5 ನವೆಂಬರ್ 2025

ರಮ್ಯಾ,

'ದುಡಿಸಬೇಡಿ' ಅಂತ ಬರೆದಿದ್ದೀಯಲ್ಲ, ಅದಕ್ಕೆ ಉತ್ತರ ಬರೆಯಬಾರದು ಅಂತಲೇ ಇದ್ದೆ. ಹಬ್ಬಕ್ಕೆ ಬಂದು ಹೋಗುವವರಿಗೆ ಕಲೆ ಬೇಗ ಕಾಣಿಸುತ್ತದೆ. ಇರಲಿ, ಈಗ ಜಗಳಕ್ಕೆ ಹೊತ್ತಿಲ್ಲ.

ಅತ್ತೆಗೆ ಹುಷಾರಿಲ್ಲ. ಹಬ್ಬ ಮುಗಿದ ವಾರಕ್ಕೆ ಸುಸ್ತು ಅಂದರು. ಈಗ ಹಾಸಿಗೆಯಿಂದ ಏಳುತ್ತಿಲ್ಲ. ಮುದ್ದೆಯ ವಾಸನೆ ಬಂದರೆ ವಾಂತಿ. ಎದ್ದು ನಿಂತರೆ ಕಣ್ಣು ಕತ್ತಲೆ. ಪುಡಿ ಡಬ್ಬಿ ತೆಗೆದು ನೋಡಿದರೆ ತಳ ಕಾಣುತ್ತಿದೆ. ಓವರ್‌ಟೈಮು ಅಂತ ನಾನು ಸಂತೆಗೆ ಹೋಗಿರಲಿಲ್ಲ, ಮುಗಿದದ್ದು ಗೊತ್ತೇ ಆಗಲಿಲ್ಲ. 'ತಂದ್ಕೊಡ್ತೀನಿ ಅತ್ತೆ' ಅಂದರೆ, 'ಬ್ಯಾಡ ಕಣಮ್ಮಿ, ಆ ಪುಡಿ ಸಾಕು' ಅನ್ನುತ್ತಾರೆ. ಯಾಕೆ ಅಂದರೆ ಗೋಡೆಯ ಕಡೆ ತಿರುಗುತ್ತಾರೆ.

ನಿನಗೆ ಮಾತ್ರೆ ಔಷಧಿ ಗೊತ್ತು. ಏನು ಕೊಡಲಿ, ನಿಮ್ಮಣ್ಣನ ಕೈಲಿ ಕಳಿಸು.

ಶಶಿರೇಖಾ


ನೆಲಮಂಗಲ
7 ನವೆಂಬರ್ 2025

ಅತ್ತಿಗೆ,

ಗ್ಯಾಸಿನ ಮಾತ್ರೆ, ವಾಂತಿಯದು, ಓಆರ್‌ಎಸ್ ಪೊಟ್ಟಣ ಅಣ್ಣನ ಕೈಲಿ ಕಳಿಸಿದ್ದೇನೆ. ಗಾಬರಿ ಬೇಡ. ಮೈಯಲ್ಲಿ ಸೇರಿದ್ದ ಕೆಟ್ಟದ್ದು ಹೊರಗೆ ಹೋಗುವಾಗ ಹೀಗೆಲ್ಲ ಆಗುತ್ತದೆ. ಪುಡಿ ಬೇಡ ಅಂದರೆ ಬೇಡ, ಬಲವಂತ ಮಾಡಬೇಡಿ. ಒಂದು ವಾರ ನೋಡೋಣ.

ರಮ್ಯ


ಸೂಲಿಬೆಲೆ ಹೋಬಳಿ
24 ನವೆಂಬರ್ 2025

ರಮ್ಯಾ,

ಅತ್ತೆ ಕಣ್ಣು ತೇಲಿಸಿ ಆಸ್ಪತ್ರೆ ಸೇರಿದಾಗ ಅಲ್ಲಿ ನೀನೂ ಇದ್ದೆ, ಆದರೂ ನಾವಿಬ್ಬರೂ ಒಂದು ಮಾತಾಡಲಿಲ್ಲ. ಅತ್ತೆ ಮನೆಗೆ ಬಂದು ವಾರವಾಯಿತು. ಬದುಕಿದ್ದಾರೆ, ಅದೇ ದೊಡ್ಡದು. ನಡುಮನೆಯಲ್ಲಿ ಮಲಗಿ ಸೂರು ನೋಡುತ್ತಿರುತ್ತಾರೆ.

ಡಾಕ್ಟರು ಹೇಳಿದ್ದನ್ನು ನಾನು ತಲೆಯಲ್ಲಿ ಮತ್ತೆ ಮತ್ತೆ ಓಡಿಸುತ್ತೇನೆ. ಮೂತ್ರಪಿಂಡದ ಮೇಲೆ ಟೋಪಿ ಇಟ್ಟ ಹಾಗೆ ಎರಡು ಗ್ರಂಥಿಗಳು, ಅಡ್ರಿನಲ್ ಅಂತೆ. ಮೈಗೆ ಕಷ್ಟ ಬಂದಾಗ ತಡೆದುಕೊಳ್ಳುವ ರಸ ಅಲ್ಲಿಂದ ಬರಬೇಕು. ಪುಡಿಯಲ್ಲಿ ಪಂಡಿತ ಬೆರೆಸಿದ್ದ ಸ್ಟೀರಾಯ್ಡ್ ಅದೇ ಕೆಲಸ ಮಾಡಿ ಅವೆರಡನ್ನೂ ಮಲಗಿಸಿಬಿಟ್ಟಿದೆ. 'ಸೊಸೆ ಬಂದ್ಮೇಲೆ ಅತ್ತೆ ಒಲೆ ಮುಂದೆ ಕೂರೋದು ಬಿಡ್ತಾಳಲ್ಲಮ್ಮ, ಹಾಗೆ. ಸೊಸೆ ಹೇಳದೆ ಕೇಳದೆ ತವರಿಗೆ ಹೋದ್ರೆ ಮನೆಯವರೆಲ್ಲ ಉಪವಾಸ. ಈಗ ಅದೇ ಜಾತಿ ಮಾತ್ರೆ ಕೊಟ್ಟು ಇಷ್ಟಿಷ್ಟೇ ಕಮ್ಮಿ ಮಾಡ್ಬೇಕು. ಒಂದೇ ಸಲ ನಿಲ್ಲಿಸಿದ್ರೆ ಜೀವಕ್ಕೇ ಬರುತ್ತೆ' ಅಂದರು. ಯಾರು ನಿಲ್ಲಿಸಿದ್ದು ಅಂತ ಕೇಳಿದಾಗ ಅತ್ತೆ, 'ನಾನೇ ಬುಟ್ಟೆ' ಅಂದರು. ನನಗೆ ಗೊತ್ತು ಅದು ನನ್ನನ್ನು ಉಳಿಸಲು ಹೇಳಿದ ಮಾತು. ಡಬ್ಬಿ ಮುಗಿದದ್ದು ನೋಡದೆ ಓವರ್‌ಟೈಮು ಮಾಡುತ್ತಾ ಕೂತವಳು ನಾನು.

ಪುಡಿ ತಂದವಳೂ ನಾನೇ, ಮುಗಿದಾಗ ತರದವಳೂ ನಾನೇ. ಡಾಕ್ಟರು ಮೊದಲ ದಿನ ಕೇಳಿದಾಗ ಬೈಸಿಕೊಳ್ಳುವ ಭಯಕ್ಕೆ ಪುಡಿಯ ಸುದ್ದಿ ಎತ್ತಲಿಲ್ಲ. ಅವರೇ ಹೊಟ್ಟೆಯ ಗೆರೆ ನೋಡಿ ಗದರಿದ ಮೇಲೆ ಬಾಯಿಬಿಟ್ಟೆ. ನಿಮ್ಮಣ್ಣ ವಾರ್ಡಿನಲ್ಲಿ ಅಷ್ಟು ಜನರ ಮುಂದೆ, 'ನಮ್ಮವ್ವನ್ನ ಸಾಯ್ಸಕ್ಕೆ ಪುಡಿ ತಂದವಳು ಇವಳು' ಅಂದರು. ಅವತ್ತಿನಿಂದ ನನ್ನ ಕೈಯಿಂದ ಒಂದು ಲೋಟ ನೀರು ಇಸಿದುಕೊಂಡಿಲ್ಲ. ಕೆಲಸ ಬಿಟ್ಟೆ.

ಇನ್ನೂ ಒಂದು ಇದೆ. ಅದನ್ನು ಬರೆಯಲು ಕೈ ಏಳುತ್ತಿಲ್ಲ.

ಶಶಿರೇಖಾ


ನೆಲಮಂಗಲ
27 ನವೆಂಬರ್ 2025

ಅತ್ತಿಗೆ,

ನಿಮ್ಮ ಕಾಗದವನ್ನು ಅಂಗಡಿಯ ಕೌಂಟರಿನ ಹಿಂದೆ ನಿಂತು ಓದಿದೆ. ಡಬ್ಬಿ ತಾನಾಗಿ ಮುಗಿದಿರಲಿಲ್ಲ. ಮುಕ್ಕಾಲು ಡಬ್ಬಿ ಪುಡಿಯನ್ನು ತಿಪ್ಪೆಗೆ ಸುರಿದವಳು ನಾನು.

ಎಣ್ಣೆ ಹಚ್ಚುವಾಗ ಆ ಗೆರೆ ನೋಡಿದೆನಲ್ಲ, ಕಂಡಕೂಡಲೇ ಪುಡಿಯಲ್ಲಿ ಸ್ಟೀರಾಯ್ಡ್ ಇದೆ ಅಂತ ಗೊತ್ತಾಯಿತು. ನಿಮ್ಮ ಮೇಲೆ ಹೇಳಲಾರದಷ್ಟು ಸಿಟ್ಟು ಬಂತು. ಅವ್ವನಿಗೆ ನೋವು ಮತ್ತೆ ಬಂದರೆ ನಿಮ್ಮ ಕೈಲಿ ಇನ್ನೊಂದು ಡಬ್ಬಿ ತರಿಸುತ್ತಾಳೆ ಅಂತ ಅವಳ ಕೈಯನ್ನು ನನ್ನ ತಲೆಯ ಮೇಲೆ ಇಡಿಸಿಕೊಂಡು ಆಣೆ ಮಾಡಿಸಿದೆ. 'ಈ ಔಷಧಿ ಇನ್ನು ಬಾಯಿಗೆ ಹಾಕಲ್ಲ, ಹಾಕಿದ್ರೆ ನನ್ ಮಗಳು ನಂಗಿಲ್ಲ' ಅಂತ ಹೇಳಿಸಿದೆ. ಅವ್ವ ಆಣೆಗೆ ಎಷ್ಟು ಹೆದರುತ್ತಾಳೆ ಅಂತ ನಿಮಗೆ ಗೊತ್ತು. ನಾನು ಚಿಕ್ಕವಳಿದ್ದಾಗ ಅಪ್ಪ ನನ್ನ ತಲೆ ಮುಟ್ಟಿ ಕುಡಿತ ಬಿಟ್ಟು, ಸಂತೆ ದಿನ ಮತ್ತೆ ಕುಡಿದು ಬಂದ. ಆ ರಾತ್ರಿ ನನಗೆ ಜ್ವರ ನೆತ್ತಿಗೇರಿ ಫಿಟ್ಸ್ ಬಂತು. ಅಪ್ಪ ಆಣೆ ಮುರಿದದ್ದಕ್ಕೇ ಹಾಗಾಯಿತು ಅಂತ ಅವ್ವ ಈಗಲೂ ಹೇಳುತ್ತಾಳೆ. ಅದು ಗೊತ್ತಿದ್ದೇ ಹಾಗೆ ಮಾಡಿಸಿದೆ. 'ಶಶಿಗೆ ಹೇಳ್ಬ್ಯಾಡ, ಪಾಪ, ಆಸೆಪಟ್ಟು ತಂದ್ಕೊಟ್ಟವಳೆ, ನೊಂದ್ಕತಾಳೆ' ಅಂತ ಅವಳೇ ನನ್ನ ಬಾಯಿ ಮುಚ್ಚಿಸಿದಳು.

ಒಂದೇ ಸಲ ನಿಲ್ಲಿಸಬಾರದು ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದಿದ್ದೇನೆ. ಅಂಗಡಿಗೆ ಬರುವವರಿಗೂ ಹೇಳುತ್ತೇನೆ. ನಮ್ಮ ಮನೆ ಹಿತ್ತಲಲ್ಲಿ ನಿಂತಾಗ ಮಾತ್ರ ನಿಮ್ಮನ್ನು ತಪ್ಪು ಅಂತ ತೋರಿಸುವ ಉರಿಯೊಂದೇ ಇತ್ತು. ನೀವು ವಾಂತಿ ಅಂತ ಬರೆದಾಗಲೂ ಗ್ಯಾಸಿನ ಮಾತ್ರೆ ಕಳಿಸಿದೆ. ಅಣ್ಣ ಆ ಮಾತಂದಾಗ ನಾನು ನಿಮ್ಮ ಪಕ್ಕದಲ್ಲೇ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ನಿಮ್ಮ ತಪ್ಪು ಎಲ್ಲರಿಗೂ ಕಂಡಿತ್ತು, ನನ್ನದು ಯಾರಿಗೂ ಕಂಡಿರಲಿಲ್ಲ. ಅಷ್ಟಕ್ಕೆ ಸುಮ್ಮನಿದ್ದೆ.

ಓದಿ ನೋಡಿದೆ. ಇದನ್ನು ಅಣ್ಣನ ಕೈಲಿ ಕೊಡುವ ಧೈರ್ಯ ನನಗಿಲ್ಲ. ಹರಿದು ಹಾಕಿ ಬೇರೆ ಬರೆಯುತ್ತೇನೆ.


ನೆಲಮಂಗಲ
27 ನವೆಂಬರ್ 2025

ಅತ್ತಿಗೆ,

ನಿಮ್ಮ ಕಾಗದ ತಲುಪಿತು. ಆದದ್ದಾಯಿತು, ಹೆಚ್ಚು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅಣ್ಣನದು ಕೋಪವಷ್ಟೇ, ಇಳಿಯುತ್ತದೆ. ಡಾಕ್ಟರು ಕೊಟ್ಟ ಮಾತ್ರೆಯನ್ನು ಅವ್ವ ಒಂದು ಹೊತ್ತೂ ತಪ್ಪಿಸದ ಹಾಗೆ ನೋಡಿಕೊಳ್ಳಿ. ಅಂಗಡಿಯಲ್ಲಿ ರಜೆ ಇಲ್ಲ, ಬರಲಾಗುತ್ತಿಲ್ಲ.

ರಮ್ಯ


ಸೂಲಿಬೆಲೆ ಹೋಬಳಿ
4 ಡಿಸೆಂಬರ್ 2025

ರಮ್ಯಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ನಿಮ್ಮಣ್ಣ ಹೊರಗೆ ಹಾರ್ನ್ ಹೊಡೆಯುತ್ತಿದ್ದಾರೆ. ಫೋನಿನಲ್ಲಿ ಹೇಳೋಣವೆಂದರೆ ಅತ್ತೆ ಪಕ್ಕದಲ್ಲೇ ಇರುತ್ತಾರೆ.

ಅತ್ತೆ ಮಾತ್ರೆ ನುಂಗುತ್ತಿಲ್ಲ. ಇಷ್ಟು ದಿನ ನನ್ನೆದುರಿಗೇ ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ ನೀರು ಕುಡಿಯುತ್ತಿದ್ದರು, ನಾನು ನಂಬಿದೆ. ನಿನ್ನೆ ದಾಸವಾಳದ ಬುಡ ಕೆದಕಿದರೆ ಮಣ್ಣಿನಲ್ಲಿ ಬಿಳಿ ಬಿಳಿ ಮಾತ್ರೆ. ವಾಂತಿ ಮತ್ತೆ ಶುರುವಾಗಿದೆ. ಇನ್ನೊಂದು ಸಲ ಹಾಗಾದರೆ ಕೈಯಲ್ಲಿ ಇಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದಾರೆ.

ಯಾಕೆ ಅತ್ತೆ ಅಂತ ಕಾಲು ಹಿಡಿದುಕೊಂಡೆ. 'ಇದು ಆ ಪುಡಿ ತಮ್ಮನೇ ಅಂತ ಡಾಕ್ಟ್ರು ಹೇಳಿದ್ದು ನಾನೂ ಕೇಳಿಸ್ಕಂಡಿವ್ನಿ. ಆಸ್ಪತ್ರೇಲಿ ಸೂಜೀಲಿ ಹಾಕುದ್ರು, ನಾನೇನ್ ಮಾಡ್ಲಿ. ಬಾಯಿಗಂತೂ ಹಾಕಲ್ಲ. ನಾನು ಹಣ್ಣೆಲೆ, ಉದುರಿದ್ರೆ ಉದುರ್ತೀನಿ. ನನ್ ಮಗಳು ತಣ್ಣಗಿರಲಿ' ಅಂದರು. ಮಾತ್ರೆಗೂ ನೀನು ತಣ್ಣಗಿರುವುದಕ್ಕೂ ಏನು ಸಂಬಂಧ? ಜ್ವರದಲ್ಲಿ ಬಡಬಡಿಸುತ್ತಿದ್ದಾರೋ ಅಂತ ಹಣೆ ಮುಟ್ಟಿದೆ. ಜ್ವರವಿಲ್ಲ.

ನಿನ್ನ ಮಾತಾದರೆ ಕೇಳಿಯಾರು. ಏನಾದರೂ ಮಾಡು.

ಶಶಿರೇಖಾ


ನೆಲಮಂಗಲ
6 ಡಿಸೆಂಬರ್ 2025

ಅತ್ತಿಗೆ,

ಸಂಬಂಧ ಇದೆ. ಸಂಬಂಧ ನಾನೇ.

ಹಬ್ಬದಲ್ಲಿ ಪುಡಿಯನ್ನು ತಿಪ್ಪೆಗೆ ಸುರಿದವಳು ನಾನು. ಆ ಔಷಧಿ ಬಾಯಿಗೆ ಹಾಕುವುದಿಲ್ಲ ಅಂತ ಅವ್ವನಿಂದ ನನ್ನ ತಲೆಯ ಮೇಲೆ ಆಣೆ ಮಾಡಿಸಿದವಳೂ ನಾನು. ಅವಳು ಬಿದ್ದದ್ದು ನೀವು ಸಂತೆಗೆ ಹೋಗದ್ದಕ್ಕಲ್ಲ, ಒಂದೇ ಸಲ ನಿಲ್ಲಿಸಬಾರದು ಅಂತ ಓದಿದ್ದ ನಾನು ನಿಲ್ಲಿಸಿದ್ದಕ್ಕೆ. ಇದನ್ನೆಲ್ಲ ಹೋದ ವಾರವೇ ಬರೆದಿದ್ದೆ. ಹರಿದುಹಾಕಿ ರಜೆ ಇಲ್ಲ ಅಂತ ಸುಳ್ಳು ಬರೆದೆ. ರಜೆ ಇತ್ತು. ನಿಮ್ಮ ಮುಖ ನೋಡುವ ಯೋಗ್ಯತೆ ಇರಲಿಲ್ಲ. ನನ್ನ ಪಾಲಿನ ಬೈಗುಳವನ್ನೂ ನೀವು ತಿನ್ನುತ್ತಿದ್ದಿರಿ, ನಾನು ತಿನ್ನಲು ಬಿಟ್ಟೆ.

ನಿಮ್ಮ ಕಾಗದ ಬಂದ ಕೂಡಲೇ ಅವ್ವನಿಗೆ ಫೋನು ಮಾಡಿದೆ. ನೀವು ನೀರಿಗೆ ಹೋಗಿದ್ದಿರಂತೆ. 'ಅವ್ವಾ, ಆಣೆ ನಾನೇ ಬಿಡಿಸ್ತಿದೀನಿ, ಮಾತ್ರೆ ನುಂಗು' ಅಂತ ಅಳುತ್ತಲೇ ಹೇಳಿದೆ. 'ಆಣೆ ಇಟ್ಟೋಳು ನಾನು ಕಣೆ. ನೀನ್ಯಾರು ಬುಡ್ಸಕ್ಕೆ? ನಿಮ್ಮಪ್ಪ ಮುರುದಾಗ ಏನಾಯ್ತು ಅಂತ ನಾನ್ ನೋಡಿವ್ನಿ, ನೀನ್ ನೋಡಿಲ್ಲ' ಅಂದಳು. ಅದು ಮೂಢನಂಬಿಕೆ ಅಂದೆ. 'ಆಣೆ ಮಾಡ್ಸುವಾಗ ನಿಂಗೆ ಮೂಢನಂಬಿಕೆ ಆಗಿರ್ಲಿಲ್ವಾ?' ಅಂದಳು. ಫೋನು ಇಟ್ಟುಬಿಟ್ಟಳು.

ನನ್ನನ್ನು ಏನು ಬೇಕಾದರೂ ಅನ್ನಿ. ಅವ್ವನ ಬಾಯಿಗೆ ಆ ಮಾತ್ರೆ ಹೇಗೆ ಹಾಕಿಸುವುದು ಅಂತ ಮಾತ್ರ ನನಗೆ ತಿಳಿಯುತ್ತಿಲ್ಲ, ಅತ್ತಿಗೆ. ಆಗದಿದ್ದರೆ ಈಗಿಂದೀಗಲೇ ಆಸ್ಪತ್ರೆಗೆ ಎತ್ತಿಕೊಂಡು ಹೋಗಿ.

ರಮ್ಯ


ಸೂಲಿಬೆಲೆ ಹೋಬಳಿ
9 ಡಿಸೆಂಬರ್ 2025

ರಮ್ಯಾ,

ಮೊದಲು ನಿನಗೆ ಬೇಕಾದದ್ದು. ಅತ್ತೆ ಮಾತ್ರೆ ನುಂಗಿದರು. ನಿನ್ನೆ ಡಾಕ್ಟರಿಗೂ ತೋರಿಸಿಕೊಂಡು ಬಂದೆವು. ಬೆಳಿಗ್ಗೆ ಅರ್ಧ ಮುದ್ದೆ ಉಂಡು, ಸಾರಿಗೆ ಉಪ್ಪು ಕಮ್ಮಿ ಅಂತ ನನ್ನನ್ನು ಬೈದರು.

ಒಂದು ವಿಷಯ ಬರೆಯಲು ಕೈ ಏಳುತ್ತಿಲ್ಲ ಅಂದಿದ್ದೆನಲ್ಲ, ಅದು ಇದು. ಆಸ್ಪತ್ರೆಗೆ ಹೋದ ಆ ಬೆಳಿಗ್ಗೆ ಅತ್ತೆ ಅರೆಗಣ್ಣಾಗಿದ್ದರು. ಗಾರ್ಮೆಂಟ್ಸಿನ ಬ್ಯಾಗಿನಲ್ಲಿ ಮರೆತು ಉಳಿದಿದ್ದ ಹಳೆಯ ಪುಡಿಯ ಪೊಟ್ಟಣವೊಂದು ಆಗ ಕೈಗೆ ಸಿಕ್ಕಿತು. ಬೇಡ ಅಂದಿದ್ದರೂ ಅಂಬಲಿಯಲ್ಲಿ ಕಲಸಿ, ಬಾಯಿ ಬಿಡಿಸಿ ಕುಡಿಸಿದೆ. ಆಮೇಲೆ ಆಸ್ಪತ್ರೆಯಲ್ಲಿ ಪುಡಿ ವಿಷ ಅಂತ ಎಲ್ಲರೂ ಅಂದಾಗ, ಕೊನೆಯ ಗುಟುಕು ವಿಷ ಹಾಕಿದವಳು ನಾನೇ ಅಂತ ಒಳಗೇ ಬೆಂದೆ. ತಿಂಗಳಾಯಿತು, ಕಣ್ಣು ಮುಚ್ಚಿದರೆ ಆ ಅಂಬಲಿಯ ಲೋಟ ಬರುತ್ತದೆ.

ನಿನ್ನ ಕಾಗದ ಓದಿದ ಮೇಲೆ ಅತ್ತೆಯ ಪಕ್ಕ ಕೂತು ಎಲ್ಲ ಹೇಳಿದೆ. 'ಅತ್ತೆ, ನಿಮ್ಮ ಆಣೆ ಮುರಿದು ತಿಂಗಳಾಯ್ತು. ನಾನೇ ಮುರಿದೆ. ಅಂಬಲೀಲಿ ಕಲಸಿ ಕುಡಿಸಿದ್ದೆ.' ಅವರು ಎದ್ದು ಕೂತ ರಭಸಕ್ಕೆ ನಾನೇ ಹಿಂದೆ ಸರಿದೆ. 'ನನ್ ಮಗಳ ತಲೆ ಮ್ಯಾಲಿನ ಆಣೆನ ನೀನು ಮುರುದ್ಯಾ?' ಅಂತ ಬಾಯಿಗೆ ಬಂದ ಹಾಗೆ ಬೈದರು. 'ನಿಮ್ಮ ಮಗಳಿಗೆ ಏನಾಯ್ತು? ಕೇಳಿ ನೋಡಿ' ಅಂದೆ. ಭಾನುವಾರ ಬೆಳಿಗ್ಗೆ ಫೋನು ಮಾಡಿ, 'ಹೋದ ತಿಂಗಳು ಜ್ವರ ಗಿರ ಏನಾದ್ರೂ ಬಂದಿತ್ತೇನೆ' ಅಂತ ಕೇಳಿ, ನೀನು ಇಲ್ಲ ಅಂದಕೂಡಲೇ ಇಟ್ಟರಲ್ಲ, ಅದು ಇದಕ್ಕೆ. ಆಮೇಲೆ ಅರಿಶಿನದ ಬಟ್ಟೆಯಲ್ಲಿ ನನ್ನ ಕೈಯಿಂದಲೇ ಮನೆದೇವರಿಗೆ ತಪ್ಪುಕಾಣಿಕೆ ಕಟ್ಟಿಸಿದರು. 'ಕೊಡು ಅತ್ಲಾಗೆ' ಅಂತ ಮಾತ್ರೆಗೆ ಕೈ ಚಾಚಿದರು.

ನಿನ್ನೆ ಡಾಕ್ಟರಿಗೆ ಅಂಬಲಿಯ ಸುದ್ದಿಯನ್ನೂ ಹೇಳಿಬಿಟ್ಟೆ. ಬೈದರೆ ಬೈಯಲಿ ಅಂತ. ಅವರು ಪೆನ್ನು ಕೆಳಗಿಟ್ಟು, 'ಅದು ಒಳಗೆ ಹೋಗದಿದ್ರೆ ಆಸ್ಪತ್ರೆ ತನಕ ಬರ್ತಿದ್ರೋ ಇಲ್ವೋ, ಹೇಳಕ್ಕಾಗಲ್ಲ. ಹಾಗಂತ ಆ ಪುಡಿ ಕಡೆ ಇನ್ನು ತಲೆ ಹಾಕ್ಬೇಡಿ' ಅಂದರು. ವರಾಂಡದ ಬೆಂಚಿನ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ಅತ್ತೆಯವರು ಸೆರಗಿನಿಂದ ನನ್ನ ಮೂಗು ಒರೆಸಿದರು.

ಈಗ ನಿನ್ನ ಮಾತು. ಕ್ಷಮಿಸಿದ್ದೇನೆ ಅಂತ ಬರೆಯಲು ಎರಡು ಸಲ ಕೂತೆ, ಆಗಲಿಲ್ಲ. ಪುಡಿ ಚೆಲ್ಲಿದ್ದು ನಿನ್ನ ತಾಯಿಯ ಮೇಲಿನ ಆಸೆಗೆ. ನಾನು ತಂದದ್ದರಲ್ಲೂ ಅಷ್ಟೇ ಆಸೆಯಿತ್ತು, ಜೊತೆಗೆ ನನ್ನ ಸ್ವಾರ್ಥವೂ ಇತ್ತು. ಅದರ ಲೆಕ್ಕ ಅಲ್ಲಿಗಲ್ಲಿಗೆ ಆಯಿತು. ಆದರೆ ನಿಮ್ಮಣ್ಣ ಆ ಮಾತಂದಾಗ ನಾನು ನಿನ್ನ ಕಡೆ ನೋಡಿದ್ದೆ. ನೀನು ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಿಂತಿದ್ದೆ. ಅದು ನನ್ನ ಕಣ್ಣಿನಿಂದ ಹೋಗುತ್ತಿಲ್ಲ.

ನಿಮ್ಮಣ್ಣ ಈಗಲೂ ನನ್ನ ಕೈಯ ನೀರು ಕುಡಿಯುವುದಿಲ್ಲ. ಅವರಿಗೆ ನಾನು ಏನೂ ಹೇಳಿಲ್ಲ, ಅತ್ತೆಗೂ ಹೇಳಬೇಡಿ ಅಂದಿದ್ದೇನೆ. ಅದು ನಿನ್ನ ಬಾಯಿಂದ ಬರಬೇಕು. ಬರುವ ಭಾನುವಾರ ಬಾ. ಅವರು ಕೂಗಾಡುತ್ತಾರೆ, ಕೈ ಎತ್ತಿದರೂ ಎತ್ತಿಯಾರು. ಹೆದರಬೇಡ. ನಾನು ಪಕ್ಕದಲ್ಲಿರುತ್ತೇನೆ. ನಿನ್ನ ಹಾಗೆ ಸುಮ್ಮನೆ ನಿಂತಿರುವುದಿಲ್ಲ.

ನಿನ್ನ ಅತ್ತಿಗೆ
ಶಶಿರೇಖಾ